ಒಂದು ಸಲ ಬೇಗ, ಒಂದು ಸಲ ನಿಧಾನ

ಹಿತ್ತಿಲ ಬಾಗಿಲ ಮುಂದೆ ಮಂಡಿಯೂರಿ ನಾಲ್ಕನೆಯ ಚಿಲಕದ ಕೊನೆಯ ಸ್ಕ್ರೂ ತಿರುಗಿಸುತ್ತಿದ್ದಾಗ ಅವನ ಕತ್ತಿನ ಹಿಂದೆ ಬಿಸಿಯುಸಿರು ತಾಗಿತು. ತಿರುಗಿ ನೋಡುವ ಅಗತ್ಯವಿರಲಿಲ್ಲ. ಆ ಮನೆಯಲ್ಲಿ ಅವನ ಕೆಲಸವನ್ನು ಇಷ್ಟು ಹತ್ತಿರದಿಂದ, ಇಷ್ಟು ಶ್ರದ್ಧೆಯಿಂದ ನೋಡುವ ಜೀವ ಒಂದೇ ಒಂದು. ಚಿಲಕ ಹಾಕುತ್ತಿದ್ದುದೂ ಆ ಜೀವ ಓಡಿಹೋಗದಿರಲಿ ಎಂದೇ. "ಸ್ವಲ್ಪ ಸರಿ ಭಾವ, ಬೆಳಕಿಗೆ ಅಡ್ಡ ಆಗ್ತೀಯ" ಎಂದ. ನಾಯಿ ಸರಿಯಿತು, ಒಂದು ಗೇಣು ಮಾತ್ರ. ಹೆಂಡತಿ ಅದನ್ನು ಪುಟ್ಟ ಎನ್ನುತ್ತಿದ್ದಳು. ಅವನು ಭಾವ ಎನ್ನುತ್ತಿದ್ದ. ಹೆಂಡತಿಯ ಕಡೆಯಿಂದ ಬಂದದ್ದು, ಬಂದ ದಿನವೇ ತನ್ನ ಕುರ್ಚಿ ಹಿಡಿದದ್ದು, ಉಂಡು ಮಲಗುವುದು ಬಿಟ್ಟರೆ ಬೇರೆ ದುಡಿಮೆ ಇಲ್ಲದ್ದು, ಆದರೂ ಮನೆಯಲ್ಲಿ ತನಗಿಂತ ಒಂದು ತೂಕ ಹೆಚ್ಚು ಮರ್ಯಾದೆ ಪಡೆಯುವುದು. ಅಂಥದನ್ನು ಇನ್ನೇನೆಂದು ಕರೆಯಬೇಕು? ಮೊದಮೊದಲು ಹೊಟ್ಟೆಯುರಿಯಿಂದ ಇಟ್ಟ ಹೆಸರು. ಆಮೇಲೆ ಹೊಟ್ಟೆಯುರಿ ಹೋಯಿತು, ಹೆಸರು ಉಳಿಯಿತು.

ಹೆಂಡತಿ ಕೆಲಸಕ್ಕೆ ಹೊರಟು ನಿಂತು, ಕೈಚೀಲದಲ್ಲಿ ಏನನ್ನೋ ಹುಡುಕುತ್ತ, ಅವನ ಬೆನ್ನಿಗೆ ಹೇಳಿದಳು: "ಬೀಗ ಹಾಕಿ ಅಂದ್ರೆ ನಿಮಗೇನು ಕಷ್ಟ?"

"ಬೀಗ ಹಾಕೋರು ಚಿಲಕ ಗೊತ್ತಿಲ್ಲದವರು."

"ಗೊತ್ತಿರೋರ ಮನೆ ನಾಯಿ ಮೂರು ಸಲ ಬೀದೀಲಿ ಸಿಕ್ತು."

"ಅವು ಬೇರೆ ಚಿಲಕ. ಇದು ನೋಡು, ಗುಂಡಿ ಒತ್ತಿ ಹಿಡ್ಕೊಂಡೇ ಹಿಡಿಕೆ ಎತ್ತಬೇಕು. ಎರಡು ಕೈ ಬೇಕು. ನಾಯಿಗೆ ಎಲ್ಲಿಂದ ಬರುತ್ತೆ ಎರಡು ಕೈ? ಇವತ್ತು ಇದು ಗೇಟು ದಾಟಿದ್ರೆ ನಾನು ಮೀಸೆ ಬೋಳಿಸ್ತೀನಿ."

"ನಿಮ್ಮ ಮೀಸೆ ಇಟ್ಕೊಂಡು ನಾನೇನು ಮಾಡ್ಲಿ ರೀ? ಅದು ಲಾರಿ ಕೆಳಗೆ ಹೋದ್ರೆ?" ಎಂದವಳು ಅವನು ತೋರಿಸುತ್ತಿದ್ದ ಚಿಲಕದ ಕಡೆ ಕಣ್ಣೂ ಹಾಕಲಿಲ್ಲ. ಬಗ್ಗಿ ನಾಯಿಯ ಎರಡು ಕಿವಿಗಳ ನಡುವೆ ಹಣೆಯೂರಿ ಒಂದು ಗಳಿಗೆ ಹಾಗೇ ಇದ್ದಳು. "ಇವತ್ತೂ ಹೊರಗೆ ಹೋದ್ರೆ ಅಕ್ಕನ ಮನೆಗೆ ಕಳಿಸಿಬಿಡ್ತೀನಿ. ಇನ್ನು ನನ್ನಿಂದ ಆಗಲ್ಲ" ಎಂದಳು. ಹೇಳಿದ್ದು ನಾಯಿಗೋ ಅವನಿಗೋ ತಿಳಿಯಲಿಲ್ಲ. ಮುಂಬಾಗಿಲು ಎಳೆದುಕೊಂಡ ಸದ್ದಾಯಿತು.

ಮೂರು ಸಲ ಎಂಬುದು ನಿಜ. ವಾರದಲ್ಲಿ ಎರಡು ದಿನ ಇಬ್ಬರ ಪಾಳಿಯೂ ಒಂದೇ ಹೊತ್ತಿಗೆ ಬೀಳುತ್ತಿತ್ತು, ಆ ದಿನ ನಾಯಿ ಒಂಬತ್ತರಿಂದ ಮೂರರವರೆಗೆ ಒಂಟಿ. ಮುಂಬಾಗಿಲಿಗೆ ಕೀಲಿ ಇತ್ತು, ಅದರ ಚಿಂತೆ ಇರಲಿಲ್ಲ. ಹಿತ್ತಿಲ ಬಾಗಿಲಿಗೆ ಮಾತ್ರ ಒಳಗಿನಿಂದ ಚಿಲಕ. ಹಿತ್ತಿಲು ದಾಟಿದರೆ ಹಿಂದಿನ ಓಣಿಗೆ ತೆರೆಯುವ ಕಬ್ಬಿಣದ ಗೇಟು, ಅದಕ್ಕೊಂದು ಎತ್ತಿ ಬಿಡುವ ಕೊಂಡಿ. ಮೊದಲ ಸಲ ಸಾದಾ ಅಗುಳಿ ಸರಿಸಿ ನಾಯಿ ಓಣಿಯಲ್ಲಿ ಅಡ್ಡಾಡುತ್ತಿತ್ತು. ಅವನು ನಕ್ಕು, ಅಂಗಡಿಯಿಂದ ತಿರುಗಿಸುವ ಗುಬುಟಿನ ಚಿಲಕ ತಂದು ಹಾಕಿದ. ಎರಡನೆಯ ಸಲ ಅದು ಗುಬುಟು ತಿರುಗಿಸಿ, ಗೇಟು ದಾಟಿ, ಓಣಿಯ ಮೂರನೆಯ ಮನೆಯ ಅಜ್ಜಿಯ ಗೇಟು ತೆರೆದು, ಅಲ್ಲಿಗೂ ನಿಲ್ಲದೆ ಅವರ ಮೊಲದ ಗೂಡಿನ ಬಾಗಿಲನ್ನೂ ತೆರೆದು, ಎದುರಿಗೆ ಕೂತಿತ್ತು. ಓಣಿಯ ತುಂಬ ಏಳು ಮೊಲ. ಒಂದನ್ನೂ ಅದು ಮೂಸಿರಲಿಲ್ಲ. ಮೊಲದಜ್ಜಿಗೆ ಅದೇ ಹೆಚ್ಚು ಸಿಟ್ಟು. "ತಿನ್ನಕ್ಕೆ ಬಂದಿದ್ರೆ ನಂಗೆ ಅರ್ಥ ಆಗ್ತಿತ್ತಪ್ಪ. ಇದು ಸುಮ್ನೆ ಬಾಗ್ಲು ತೆಗೆದು, ಕಾಲೆತ್ಕೊಂಡು ನನ್ನ ಮುಖ ನೋಡುತ್ತೆ. ಏನು ಬೇಕಂತೆ ಇದಕ್ಕೆ?" ಎಂದು ಅವನನ್ನು ಗೇಟಿನ ಹೊರಗೇ ನಿಲ್ಲಿಸಿ ಕೇಳಿದ್ದರು. ಅವನು ಹೊಟ್ಟೆ ನೆಲಕ್ಕೆ ಹಚ್ಚಿ ಚರಂಡಿಯ ಹಲಗೆಯ ಕೆಳಗಿಂದ ಏಳನೆಯ ಮೊಲವನ್ನು ಕಿವಿ ಹಿಡಿದು ಎಳೆಯುತ್ತಿದ್ದಾಗ ಓಣಿಯ ಜನ ಮಹಡಿಯ ಮೇಲಿಂದ ಸಲಹೆ ಕೊಟ್ಟರು. ಮೂರನೆಯ ಸಲ ಸ್ಪ್ರಿಂಗಿನ ಚಿಲಕ. ಆ ಸಲ ನಾಯಿ ಓಣಿಯ ಎಲ್ಲ ಗೇಟುಗಳನ್ನೂ ಮುಗಿಸಿ ದೊಡ್ಡ ರಸ್ತೆಗೆ ಹೋಯಿತು. ಲಾರಿಯವನು ಬ್ರೇಕು ಹಾಕಿದ್ದರಿಂದ ಹಿಂಗಾಲಿಗೆ ಮಾತ್ರ ತಾಗಿತು. ಬಡಾವಣೆಯ ಸಮಿತಿಯವರು ಕಾಗದ ಕಳಿಸಿದರು: ಇನ್ನೊಮ್ಮೆ ನಾಯಿ ಒಂಟಿಯಾಗಿ ಬೀದಿಯಲ್ಲಿ ಕಂಡರೆ ಹಿಡಿಯುವ ವ್ಯಾನು ಕರೆಸಲಾಗುವುದು. ಕಾಗದದ ಕೊನೆಗೆ 'ತಮ್ಮ ವಿಶ್ವಾಸಿ' ಎಂದು ಬರೆದಿದ್ದರು.

ಅವನಿಗೆ ಕಾಗದಕ್ಕಿಂತ ಹೆಚ್ಚು ಚುಚ್ಚುತ್ತಿದ್ದುದು ಪಶುವೈದ್ಯರ ಬೆಂಚು. ನಾಯಿಯ ಕಾಲಿಗೆ ಪಟ್ಟಿ ಕಟ್ಟುವಾಗ ಹೆಂಡತಿ ಆ ಬೆಂಚಿನ ಮೇಲೆ ಕೂತು, ಯಾರ ಮುಖವನ್ನೂ ನೋಡದೆ, "ನಾನು ಬಿಟ್ಟು ಹೋಗ್ತೀನಲ್ಲ, ಅದಕ್ಕೇ ನನ್ನ ಹುಡುಕ್ಕೊಂಡು ಹೋಗುತ್ತೆ. ನಮ್ಮ ಮನೇಲಿ ಇರಕ್ಕೆ ಅದಕ್ಕೆ ಇಷ್ಟ ಇಲ್ಲ ರೀ" ಎಂದಿದ್ದಳು. ಆಗ ಅವನು ಏನಾದರೂ ಹೇಳಬಹುದಿತ್ತು. ಹಾಗೇನಿಲ್ಲ, ಚಿಲಕ ಸರಿ ಇರಲಿಲ್ಲ ಎನ್ನಬಹುದಿತ್ತು. ಆದರೆ ಚಿಲಕ ಸರಿ ಇರಲಿಲ್ಲ ಎಂಬ ಮಾತು ಅಂಗಡಿಯಲ್ಲಿ ಚಿಲಕ ಮಾರುತ್ತ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಅವನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಅವನು ತಲೆಯಾಡಿಸಿದ. ಹೌದು ಎಂಬಂತೆ ತಲೆಯಾಡಿಸಿ, ಹೆಂಡತಿಯ ಕಣ್ಣೀರಿನ ಹಿಂದೆ ತನ್ನ ಸರಕಿನ ಮರ್ಯಾದೆಯನ್ನು ಬಚ್ಚಿಟ್ಟ. ಆಮೇಲೆ ಮನೆಗೆ ಬರುವ ದಾರಿಯಲ್ಲಿ ನಾಯಿ ಇಬ್ಬರ ಮಡಿಲಿಗೂ ಅರ್ಧರ್ಧ ಮೈ ಹಂಚಿಕೊಂಡು ಮಲಗಿತ್ತು. ಅವನ ಕಡೆಗೆ ಬಂದದ್ದು ತಲೆ.

ಈಗ ಸ್ಕ್ರೂ ಬಿಗಿಯಾಯಿತು. ಅವನು ಎದ್ದು, ಅಂಗೈ ಒರೆಸಿಕೊಂಡು, ಚಿಲಕವನ್ನು ಪರೀಕ್ಷೆ ಮಾಡಿದ. ಒಂದು ಸಲ ಬೇಗ: ಗುಂಡಿ ಒತ್ತಿ, ಹಿಡಿಕೆ ಎತ್ತಿ, ಬಿಟ್ಟ. ಠಕ್ ಎಂದು ತುಂಬು ಸದ್ದು ಬಂತು, ಒಳ್ಳೆಯ ಲೋಹದ ಸದ್ದು. ಒಂದು ಸಲ ನಿಧಾನ: ಒತ್ತಿದ, ಒತ್ತಿ ಹಿಡಿದೇ ಎತ್ತಿದ, ಯಾವ ಹಂತದಲ್ಲಿ ನಾಲಿಗೆ ತೂತಿನಿಂದ ಹೊರಬರುತ್ತದೆ ಎಂದು ಬಗ್ಗಿ ನೋಡಿದ. ಪಕ್ಕದಲ್ಲಿ ಇನ್ನೊಂದು ತಲೆಯೂ ಬಗ್ಗಿತು. ಅವನಿಗೆ ಒಳಗೊಳಗೇ ಖುಷಿಯಾಯಿತು. ಯಾರೂ ನೋಡದಿದ್ದರೆ ಚಿಲಕ ತೆರೆಯುವುದರಲ್ಲಿ ಏನು ಸುಖವಿದೆ? "ಎಂಥಾ ಕೆಲಸ ನೋಡು ಭಾವ. ಎಲ್ಲಿ, ನಿನ್ನ ಕೈ ಕೊಡು" ಎಂದು ನಾಯಿಯ ಮುಂಗಾಲು ಹಿಡಿದು ಗುಂಡಿಯ ಮೇಲಿಟ್ಟು ಒತ್ತಿಸಿ, ಹಿಡಿಕೆಯನ್ನು ತಾನೇ ಎತ್ತಿದ. ಠಕ್. ನಾಯಿಯ ಬಾಲ ಎರಡು ಸಲ ನೆಲಕ್ಕೆ ಬಡಿಯಿತು. ಅವನು ಅದರ ಬೆನ್ನು ತಟ್ಟಿ, ಬಾಗಿಲು ಭದ್ರಮಾಡಿ, ಮುಂದಿನಿಂದ ಕೀಲಿ ಹಾಕಿಕೊಂಡು, ಸೈಕಲ್ಲೇರಿ ಕೆಲಸಕ್ಕೆ ಹೋದ.

ಅಂಗಡಿಯಲ್ಲಿ ಅವನನ್ನು ಎಲ್ಲರೂ ಚಿಲಕಣ್ಣ ಎನ್ನುತ್ತಿದ್ದರು. ಮೊಳೆ, ಸ್ಕ್ರೂಗಳ ವಿಭಾಗದಲ್ಲಿ ನಿಲ್ಲುತ್ತಿದ್ದವನು ಮೊಳೆಯಣ್ಣ, ಬಣ್ಣದವನು ಬಣ್ಣದಣ್ಣ. ಯಜಮಾನರಿಗೆ ಮಾತ್ರ ಹಾಗೆ ಯಾವ ಸರಕಿನ ಹೆಸರೂ ಇರಲಿಲ್ಲ. ಚಿಲಕಣ್ಣನ ಬೆನ್ನ ಹಿಂದೆ ಗೋಡೆಯುದ್ದಕ್ಕೂ ಒಂದು ಹಲಗೆ, ಅದರ ಮೇಲೆ ಪುಟ್ಟ ಪುಟ್ಟ ಬಾಗಿಲುಗಳಿಗೆ ಜೋಡಿಸಿದ ನಲವತ್ತಾರು ಬಗೆಯ ಚಿಲಕ. ಯಾವ ಮನೆಗೂ ಸೇರದ, ತೆರೆದರೆ ಗೋಡೆಯೇ ಕಾಣುವ ಬಾಗಿಲುಗಳು. ಕೆಲಸಕ್ಕೆ ಸೇರಿದ ವಾರವೇ ಯಜಮಾನರು ಹೇಳಿಕೊಟ್ಟಿದ್ದರು: ಗಿರಾಕಿಗೆ ಚಿಲಕವನ್ನು ವರ್ಣಿಸಬೇಡ, ತೋರಿಸು. ಒಂದು ಸಲ ಬೇಗ, ಅದು ಎಷ್ಟು ಸುಲಭ ಎಂದು ಗೊತ್ತಾಗಲಿ. ಒಂದು ಸಲ ನಿಧಾನ, ಹೇಗೆ ಎಂದು ಗೊತ್ತಾಗಲಿ. ಮೂರನೆಯದು ಗಿರಾಕಿಯ ಕೈಯನ್ನೇ ಹಿಡಿದು. ಒಮ್ಮೆ ಕೈಯಿಟ್ಟವನು ಬಿಟ್ಟುಹೋಗುವುದಿಲ್ಲ. ಮದುವೆಯಾಗಿ ಬಂದ ಹೆಂಡತಿಗೂ ಮೊದಲ ದಿನ ಮನೆಯ ಒಂದೊಂದೇ ಚಿಲಕವನ್ನು ಹೀಗೆಯೇ ತೋರಿಸಿದ್ದ. ಅವಳು ಎರಡನೆಯ ಬಾಗಿಲಿಗೇ ಆಕಳಿಸಿ, "ಇಷ್ಟೆಲ್ಲ ಹಾಕಿರೋದು ಯಾರನ್ನ ಒಳಗಿಡಕ್ಕೆ?" ಎಂದಿದ್ದಳು. ಅವಳ ಕೆಲಸವೇ ಬೇರೆ ತರಹದ್ದು. ಪ್ರಯೋಗಾಲಯದಲ್ಲಿ ಪರೀಕ್ಷೆಗೆ ರಕ್ತ ತೆಗೆಯುವವಳು. ಮೊದಲು ಅವಳನ್ನು ನೋಡಿದ್ದೂ ಅಲ್ಲೇ, ಜ್ವರ ಬಂದಾಗ. ತೋಳಿಗೆ ಪಟ್ಟಿ ಬಿಗಿದು, ಹತ್ತಿ ಉಜ್ಜಿ, "ಆ ಕಡೆ ತಿರುಗಿ" ಎಂದಿದ್ದಳು. ದಿನಕ್ಕೆ ಐವತ್ತು ಜನಕ್ಕೆ ಅದೇ ಮಾತು, ಅದೇ ಸ್ವರ. ಅವನು ತಿರುಗಲಿಲ್ಲ. ಸೂಜಿ ಹೇಗೆ ಒಳಗೆ ಹೋಗುತ್ತದೆ ಎಂದು ನೋಡಬೇಕಿತ್ತು. ನೋಡಿದ, ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದ. ಕಣ್ಣು ಬಿಟ್ಟಾಗ ಅವಳು ನಗು ತಡೆಯಲು ತುಟಿ ಕಚ್ಚಿಕೊಂಡು ನೀರಿನ ಲೋಟ ಹಿಡಿದಿದ್ದಳು. ಆ ತುಟಿಗೇ ಅವನು ಮದುವೆಯಾದದ್ದು. ಈಚೆಗೆ ಅವಳು ಅಷ್ಟು ನಕ್ಕದ್ದನ್ನು ಅವನು ನೋಡಿರಲಿಲ್ಲ.

"ಏನು ಚಿಲಕಣ್ಣ, ಭಾವ ಇವತ್ತು ಮನೇಲೋ, ಸಂಚಾರದಲ್ಲೋ?" ಎಂದು ಮೊಳೆಯಣ್ಣ ಕೇಳಿದ. ಇದು ದಿನದ ಮೊದಲ ಪಾಠ. ನಾಯಿಯ ಸುದ್ದಿ ಅಂಗಡಿಗೆ ಬಂದು ತಿಂಗಳಾಗಿತ್ತು. ಮೊಲದಜ್ಜಿಯ ಮಗ ಬಂದು ಗುಬುಟಿನ ಚಿಲಕವೊಂದನ್ನು ವಾಪಸು ಕೊಟ್ಟು, "ಇದನ್ನ ನಿಮ್ಮ ನಾಯೀನೇ ತೆಗೆಯುತ್ತೆ" ಎಂದು ಎಲ್ಲರ ಮುಂದೆ ಹೇಳಿಹೋದ ದಿನ ಯಜಮಾನರು ಆ ಮಾಲನ್ನು ತಾವೇ ಒರೆಸಿ ಮತ್ತೆ ಹಲಗೆಗೆ ಹಾಕಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು, ಎರಡು ಕೈ ಬೇಕು, ಎರಡು ಕೈ, ಎಂದು ಮನಸ್ಸಿನಲ್ಲೇ ಅಂದುಕೊಂಡು ಹಲಗೆಯ ಧೂಳು ಹೊಡೆದ. ಹನ್ನೊಂದರ ಸುಮಾರಿಗೆ ದಪ್ಪ ಕನ್ನಡಕದ ಒಬ್ಬ ಹಿರಿಯರು ಬಂದು, ಮೊಮ್ಮಗು ಬಚ್ಚಲಮನೆಗೆ ಹೋಗಿ ಒಳಗಿನಿಂದ ಹಾಕಿಕೊಳ್ಳುತ್ತದೆ, ಹೊರಗಡೆಗೆ ಅದಕ್ಕೆ ತೆಗೆಯಲು ಬಾರದ ಚಿಲಕವೊಂದು ಬೇಕು ಎಂದರು. ಅವನ ಮುಖ ಅರಳಿತು. ಎರಡು ಕೈಯ ಚಿಲಕವನ್ನೇ ಆರಿಸಿದ. ಒಂದು ಸಲ ಬೇಗ ತೋರಿಸಿದ. ಒಂದು ಸಲ ನಿಧಾನ ತೋರಿಸಿದ. ಮೂರನೆಯದಕ್ಕೆ ಹಿರಿಯರ ಕೈಗೆ ಕೈಚಾಚಿದ. ಅವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಸಾಕು ಬಿಡಿ ಸ್ವಾಮಿ. ಇಷ್ಟು ಬಿಡಿಸಿ ತೋರಿಸಿದ್ರೆ ನಾಯಿಗೂ ಬರುತ್ತೆ" ಎಂದರು.

ಮೊಳೆಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಬಣ್ಣದಣ್ಣ ಡಬ್ಬಗಳ ಸಂದಿಯಿಂದ ಹೊರಗೆ ಬಂದು, ಏನೆಂದು ಕೇಳಿ ತಿಳಿದುಕೊಂಡು, ತಡವಾಗಿ ಆದರೂ ಜೋರಾಗಿ ನಕ್ಕ. ಹಿರಿಯರು ತಾವೇನು ಅಂಥ ಮಾತಾಡಿದೆವೆಂದು ಕನ್ನಡಕ ಸರಿಮಾಡಿಕೊಂಡರು. ಚಿಲಕಣ್ಣನ ಕೈ ಮಾತ್ರ ಚಾಚಿದ ಹಾಗೇ ಗಾಳಿಯಲ್ಲಿ ನಿಂತಿತು. ಆ ಕೈಯನ್ನೇ ಅವನು ನೋಡಿದ. ಬೆಳಗ್ಗೆ ಇದೇ ಕೈ ಇದೇ ಹದದಲ್ಲಿ ಚಾಚಿತ್ತು, ಅದರೊಳಗೆ ರೋಮದ ಒಂದು ಮುಂಗಾಲು ಬಂದು ಕೂತಿತ್ತು. ಅದಕ್ಕೆ ಮೊದಲು ಸ್ಪ್ರಿಂಗಿನ ಚಿಲಕಕ್ಕೂ ಬಂದಿತ್ತು. ಗುಬುಟಿನದಕ್ಕೂ. ಸಾದಾ ಅಗುಳಿಗೂ, ನಾಯಿ ಬಂದ ಹೊಸತರಲ್ಲಿ, ತಮಾಷೆಗೆ. ಹಿತ್ತಿಲ ಗೇಟಿನ ಕೊಂಡಿಗೂ. ಮೂರು ಸಲವೂ ಓಡಿಹೋಗುವ ಉಪಾಯವನ್ನು ನಾಯಿ ತಾನೇ ಕಂಡುಹಿಡಿಯಿತು ಎಂದು ಓಣಿಯೆಲ್ಲ ಹೊಗಳಿ ಬೈದಿತ್ತು. ಕಂಡುಹಿಡಿಯುವುದಕ್ಕೆ ಏನಿತ್ತು? ಅಂಗಡಿಯ ಇಪ್ಪತ್ತೆರಡು ವರ್ಷದ ಅನುಭವವಿರುವ ಮನುಷ್ಯನೊಬ್ಬ ಮನೆಗೇ ಬಂದು, ಒಂದು ಕಾಸೂ ತೆಗೆದುಕೊಳ್ಳದೆ, ಒಂದು ಸಲ ಬೇಗ, ಒಂದು ಸಲ ನಿಧಾನ ಎಂದು ಪಾಠ ಹೇಳಿದ್ದ. ಜಗತ್ತಿನಲ್ಲಿ ಕತ್ತೆಗಳಿಗೆ ಬರ ಇಲ್ಲ, ಆದರೆ ತಾನು ಹಾಕುವ ಬೀಗದ ಕೈಯನ್ನು ಕಳ್ಳನ ಕೈಗಿಟ್ಟು ಬೆನ್ನು ತಟ್ಟುವ ಕತ್ತೆ ತಾನೊಬ್ಬನೇ. "ಯಜಮಾನ್ರೆ, ಮನೆಗೆ ಹೋಗಿ ಬರ್ತೀನಿ" ಎಂದ. ಒಪ್ಪಿಗೆಗೆ ಕಾಯಲಿಲ್ಲ.

ಸೈಕಲ್ಲು ತುಳಿಯುತ್ತ ಅವನಿಗೆ ಹೆದರಿಕೆಯೂ ನಾಚಿಕೆಯೂ ಒಟ್ಟಿಗೆ ಆದವು, ಎರಡರಲ್ಲಿ ಯಾವುದು ತನ್ನನ್ನು ಇಷ್ಟು ಜೋರಾಗಿ ತುಳಿಸುತ್ತಿದೆ ಎಂದು ಅವನಿಗೇ ತಿಳಿಯಲಿಲ್ಲ. ಹೆದರಿಕೆ ಎಂದೇ ಇರಲಿ ಎಂದುಕೊಂಡ. ದೊಡ್ಡ ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಪ್ರತಿಯೊಂದರ ಚಕ್ರದ ಕೆಳಗೂ ಕಣ್ಣು ಹೋಯಿತು. ಸಿಗ್ನಲ್ಲಿನ ಹತ್ತಿರ ಕಂದು ಬಣ್ಣದ ಏನೋ ಒಂದು ಬಿದ್ದಿತ್ತು. ಅವನ ಕಾಲು ಪೆಡಲಿನಿಂದ ಜಾರಿ, ಮೊಣಕಾಲು ಕಂಬಿಗೆ ಬಡಿಯಿತು. ಅದು ಗೋಣಿಚೀಲ. ಗೋಣಿಚೀಲಕ್ಕೆ ಕೈಮುಗಿಯುವಷ್ಟು ಸಂತೋಷವಾಯಿತು. ಹಿಂದಿನಿಂದ ಬಂದ ಆಟೋದವನು ಅವನ ವಂಶದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋದ, ಅವನಿಗೆ ಅದು ನ್ಯಾಯವಾಗಿಯೇ ಕಂಡಿತು. ಪಶುವೈದ್ಯರ ಬೆಂಚಿನ ಮೇಲೆ ಅವಳು ಅತ್ತದ್ದು, ತಾನು ತಲೆಯಾಡಿಸಿದ್ದು. ಅವತ್ತಿನಿಂದ ಅವಳು ಕೆಲಸದಿಂದ ಬಂದವಳು ಚಪ್ಪಲಿ ಬಿಚ್ಚುವ ಮೊದಲೇ ನಾಯಿಯ ಹತ್ತಿರ ಕೂತು, ತಪ್ಪು ಮಾಡಿದವರಂತೆ ಅದರ ಮುಖ ನೋಡುತ್ತಿದ್ದಳು. ತಪ್ಪು ಮಾಡಿದವನು ಪಕ್ಕದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ.

ಓಣಿಯ ತಿರುವಿನಲ್ಲೇ ಆ ಸದ್ದು ಕೇಳಿತು. ಠಕ್. ಸೈಕಲ್ಲನ್ನು ಗೋಡೆಗೆ ಒರಗಿಸಿ ಮೆಲ್ಲಗೆ ನಡೆದ. ಹಿತ್ತಿಲ ಬಾಗಿಲು ಹಾರುಹೊಡೆದಿತ್ತು. ಎರಡು ಕೈಯ ಚಿಲಕ ಮೂತಿಯ ಜೊಲ್ಲು ಹತ್ತಿ ಬಿಸಿಲಿಗೆ ಹೊಳೆಯುತ್ತಿತ್ತು, ತೊಳೆದಿಟ್ಟ ಹಲ್ಲುಸೆಟ್ಟಿನ ಹಾಗೆ. ನಾಯಿ ಗೇಟಿನ ಒಳಗೆ, ಅವನಿಗೆ ಪಕ್ಕೆ ಮಾಡಿ ನಿಂತಿತ್ತು. ಮೂತಿಯಿಂದ ಕೊಂಡಿಯನ್ನು ಎತ್ತಿ ಬಿಟ್ಟಿತು, ಬೇಗ. ಠಕ್. ಮತ್ತೆ ಮೂತಿ ಒಡ್ಡಿ ನಿಧಾನವಾಗಿ ಎತ್ತಿತು, ಅರ್ಧದಲ್ಲಿ ನಿಲ್ಲಿಸಿ ತಲೆ ಓರೆ ಮಾಡಿ ನೋಡಿ, ಬಿಟ್ಟಿತು. ಆಮೇಲೆ ಕೂತುಕೊಂಡು, ಮುಂಗಾಲೊಂದನ್ನು ಗಾಳಿಗೆತ್ತಿ ಕಾದಿತು. ಯಾರೂ ಬರಲಿಲ್ಲ. ಕಾಲು ನಡುಗುವವರೆಗೂ ಎತ್ತಿಯೇ ಇತ್ತು, ಆಮೇಲೆ ಇಳಿಸಿ, ಎದ್ದು, ಮತ್ತೆ ಮೊದಲಿನಿಂದ. ಗೇಟು ತೆರೆದುಕೊಳ್ಳಲು ಒಂದು ತಳ್ಳು ಸಾಕಿತ್ತು, ಅದು ತಳ್ಳಲಿಲ್ಲ. ಏನು ಬೇಕಂತೆ ಇದಕ್ಕೆ ಎಂದು ಮೊಲದಜ್ಜಿ ಕೇಳಿದ್ದು ಅವನಿಗೆ ನೆನಪಾಯಿತು. ಇಲ್ಲಿ ಕೈ ಸಿಗದೆ ಅದು ಮುಂದಿನ ಗೇಟಿಗೆ ಹೋಗುತ್ತಿತ್ತು, ಅಲ್ಲೂ ಸಿಗದೆ ಅದರ ಮುಂದಿನದಕ್ಕೆ. ಲಾರಿಗಳಿಗೆ ಮಾತ್ರ ಚಿಲಕ ಇರಲಿಲ್ಲ. ಅವನು ಕಂಬಿಗಳ ಸಂದಿಯಿಂದ ಕೈ ಹಾಕಿ ಆ ಮುಂಗಾಲನ್ನು ಹಿಡಿದು, ಕೊಂಡಿಯ ಮೇಲಿಟ್ಟು, ಎತ್ತಿಸಿದ. ನಾಯಿಗೆ ಅವನನ್ನು ಕಂಡು ಆಶ್ಚರ್ಯವೇನೂ ಆಗಲಿಲ್ಲ; ಇಷ್ಟು ತಡವೇಕೆ ಎಂಬ ಮುಖವಿತ್ತು.

ಗೇಟಿನ ಒಳಗೆ ಬಂದು, ಅದನ್ನು ಮುಚ್ಚಿ, ಹಿತ್ತಿಲ ಬಾಗಿಲನ್ನೂ ಎಳೆದುಕೊಂಡು, ಅವನು ಮೆಟ್ಟಿಲ ಮೇಲೆ ಕೂತ. ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ, ಓಣಿಯ ಕಡೆಯಿಂದ ಹೆಂಡತಿ ಬಂದಳು. ಅರ್ಧ ದಿನಕ್ಕೇ ಬಿಟ್ಟು ಬಂದಿದ್ದಳು. ಅವಳೂ ಓಡಿಯೇ ಬಂದಿದ್ದಳು. ಗೇಟು ಮುಚ್ಚಿದೆ, ನಾಯಿ ಒಳಗಿದೆ, ಬಾಗಿಲು ಹಾಕಿದೆ. ಮೂರನ್ನೂ ನೋಡಿ ಕಂಬಿ ಹಿಡಿದು ನಿಂತಳು.

"ಹೋಗ್ಲಿಲ್ವಾ?"

"ಇಲ್ಲ." ಇದು ಸುಳ್ಳಾಗಿರಲಿಲ್ಲ.

"ಹಾಗಾದ್ರೆ ನಿಮ್ಮ ಚಿಲಕ ಗೆದ್ದಿತು" ಎಂದಳು. ಅವನ ಮೀಸೆ ಉಳಿದಿತ್ತು, ಹಲಗೆಯ ಮಾನ ಉಳಿದಿತ್ತು, ಒಂದು ಹ್ಞೂಂ ಎಂದರೆ ಮುಗಿಯುತ್ತಿತ್ತು. ಅವನು ಹ್ಞೂಂ ಎನ್ನಲು ಬಾಯಿ ತೆರೆದ. ಅವಳು ಒಳಗೆ ಬಂದು ಅವನ ಪಕ್ಕದಲ್ಲೇ ಕೂತು, ನಾಯಿಯ ಕಿವಿ ನೇವರಿಸಿದಳು. "ಅಕ್ಕನಿಗೆ ಫೋನ್ ಮಾಡ್ದೆ. ಭಾನುವಾರ ಬಂದು ಕರ್ಕೊಂಡು ಹೋಗ್ತಾರೆ. ಅಲ್ಲಿ ಇಡೀ ದಿನ ಜನ ಇರ್ತಾರೆ."

"ಹೊರಗೆ ಹೋಗ್ಲಿಲ್ವಲ್ಲ!"

"ಹೋಗದಿದ್ರೆ ಏನಾಯ್ತು? ಇರಕ್ಕೆ ಇಷ್ಟ ಇಲ್ಲದಿದ್ದನ್ನ ಚಿಲಕ ಹಾಕಿ ಇಟ್ಕೊಳ್ಳೋದು ಏನು ಚೆಂದ ರೀ. ನಾನು ಸೂಜಿ ಹಿಡಿದಾಗೆಲ್ಲ ಲಾರಿ ಕಾಣುತ್ತೆ. ಇವತ್ತು ಒಬ್ಬರಿಗೆ ಎರಡು ಸಲ ಚುಚ್ಚಿದೆ."

ಅವನು ಎದ್ದ. "ಅದಕ್ಕೆ ಇಷ್ಟ ಇಲ್ಲ ಅಂತಲ್ಲ. ನಿನ್ನ ಹುಡುಕ್ಕೊಂಡೂ ಅಲ್ಲ. ಇಲ್ಲಿ ನೋಡು" ಎಂದ. ಅವಳು ನೋಡುವುದಿಲ್ಲವೆಂದು ಗೊತ್ತಿತ್ತು. "ಒಂದೇ ಒಂದು ಸಲ ನೋಡೇ" ಎಂದ. ಆ ಸ್ವರಕ್ಕೆ ಅವಳು ಕತ್ತೆತ್ತಿದಳು. ಅವನು ಗೇಟಿನ ಹತ್ತಿರ ಹೋಗಿ ಕೊಂಡಿಯನ್ನು ಒಂದು ಸಲ ಬೇಗ ಎತ್ತಿ ಬಿಟ್ಟ, ಒಂದು ಸಲ ನಿಧಾನ. ಕರೆಯುವ ಮೊದಲೇ ನಾಯಿ ಬಂದು ಪಕ್ಕದಲ್ಲಿ ಕೂತು ಮುಂಗಾಲು ಕೊಟ್ಟಿತು. ಅವನು ಹಿಡಿದು ಎತ್ತಿಸಿದ. ಠಕ್. ಬಾಲ ಎರಡು ಸಲ ನೆಲಕ್ಕೆ ಬಡಿಯಿತು. "ಎಲ್ಲ ಚಿಲಕಾನೂ ಹೀಗೇ ತೋರಿಸ್ದೆ. ಒಂದೊಂದೂ. ಇವತ್ತು ಬೆಳಗ್ಗೆ ಹಾಕಿದ್ದೂ ತೆಗೆದಿತ್ತು, ಈಗ ನಾನು ಮುಚ್ಚಿದೆ. ಅವತ್ತು ಬೆಂಚಿನ ಮೇಲೆ ನೀನು ಅಳ್ತಾ ಇದ್ದಾಗ ನಾನು ತಲೆ ಆಡಿಸಿದೆನಲ್ಲ, ಅದು..." ನಾಯಿಯ ಕಾಲು ಅವನ ಕೈಯಲ್ಲೇ ಇತ್ತು.

ಅವಳು ಇಬ್ಬರನ್ನೂ ನೋಡಿದಳು. ಸಿಟ್ಟು ಬಂದಿತ್ತು, ಮೂಗಿನ ತುದಿ ಕೆಂಪಾಗಿತ್ತು. "ನೀವೇ ಕಲಿಸಿದ್ದಾ?" ಎಂದಳು. ಅವನು ತಲೆಯಾಡಿಸಿದ. "ಇಷ್ಟು ದಿನ ನಾನು..." ಎಂದು ಶುರುಮಾಡಿದವಳು ನಿಲ್ಲಿಸಿ, ಗೇಟಿನ ಹತ್ತಿರ ಮುಖ ತಗ್ಗಿಸಿ ನಿಂತ ಮೀಸೆಯವನನ್ನೂ ಅವನ ಕೈಯಲ್ಲಿ ಕೈಯಿಟ್ಟು ಕೂತ ಇನ್ನೊಬ್ಬನನ್ನೂ ಮತ್ತೊಮ್ಮೆ ನೋಡಿ, ತುಟಿ ಕಚ್ಚಿಕೊಂಡಳು. ಆ ತುಟಿಯನ್ನು ಅವನು ಎಷ್ಟೋ ವರ್ಷಗಳ ಮೇಲೆ ನೋಡಿದ. ಕೈಚೀಲದಿಂದ ಫೋನು ತೆಗೆದು, "ಅಕ್ಕ, ಭಾನುವಾರ ಬರೋದು ಬೇಡ. ಆಮೇಲೆ ಹೇಳ್ತೀನಿ. ಇಲ್ಲಿ ಬೇರೆಯವರನ್ನ ಕಟ್ಟಿಹಾಕೋದಿದೆ" ಎಂದು ಇಟ್ಟಳು. ಅದೇ ಚೀಲದಿಂದ ಒಂದು ಪೊಟ್ಟಣ ತೆಗೆದಳು. ಹೊಸ ಬೀಗ, ಸರಪಳಿ. ಪೊಟ್ಟಣದ ಮೇಲೆ ಇನ್ನೊಂದು ಅಂಗಡಿಯ ಹೆಸರಿತ್ತು. ಅವನು ಅದನ್ನು ಓದಿ, ನುಂಗಿಕೊಂಡ. ಅವಳು ಸರಪಳಿಯನ್ನು ಗೇಟಿಗೆ ಸುತ್ತಿ ಬೀಗವನ್ನು ಕೈಗೆ ತೆಗೆದುಕೊಂಡಾಗ ಅವನಿಗೆ ತಡೆಯಲಾಗಲಿಲ್ಲ, ಅದರ ನಾಲಿಗೆ ಎಲ್ಲಿ ಕೂರುತ್ತದೆ ಎಂದು ಬಗ್ಗಿದ. ಪಕ್ಕದಲ್ಲಿ ಇನ್ನೊಂದು ತಲೆಯೂ ಬಗ್ಗಿತು.

ಅವಳು ಬೀಗವನ್ನು ಬೆನ್ನ ಹಿಂದೆ ಮಾಡಿಕೊಂಡು, ದಿನಕ್ಕೆ ಐವತ್ತು ಜನಕ್ಕೆ ಹೇಳುವ ಸ್ವರದಲ್ಲಿ ಹೇಳಿದಳು: "ಇಬ್ರೂ ಆ ಕಡೆ ತಿರುಗಿ."

ಈ ಸಲ ಅವನು ತಿರುಗಿದ. ನಾಯಿಯ ಮೂತಿಯನ್ನೂ ಕೈಯಿಂದ ಹಿಡಿದು ಗೋಡೆಯ ಕಡೆ ತಿರುಗಿಸಿದ.